ವಿಮಾನದ ಮೈತಗಡು



ಧಾರವಾಡದ ಪಶ್ಚಿಮದ ಅಂಚಿನಲ್ಲಿ, ಗೋವೆಯ ದಾರಿಗೆ, ಕೆಲಗೇರಿಯೆಂಬ ಊರುಂಟು. ಹಿಂದೆ ಅದು ಬೇರೆಯೇ ಒಂದು ಹಳ್ಳಿಯಾಗಿದ್ದಿತು. ಈಗ ಧಾರವಾಡ ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ಕೆರೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಊರಿನ ನಮ್ಮ ಮನೆಯ ಹಿತ್ತಲಿನಲ್ಲಿ ಕೆಲವು ತಿಂಗಳ ಕಾಲ ಪ್ರತಿ ರವಿವಾರವೂ ಕೊಡತಿಯ ಸದ್ದು ಕೇಳಿಬರುತ್ತಿದ್ದಿತು. ಒಂದು ದಿನ ನೆರೆಮನೆಯ ವೃದ್ಧೆಯೊಬ್ಬರು ಗೋಡೆಯಾಚೆಯಿಂದ ಇಣಿಕಿ, “ಮುಂಜಾನಿಂದ ಏನ್ ಬಡಿಯಾಕ ಹತ್ತೀರಿ? ಕೊಡಾ ಮಾಡ್ತೀರೇನ?” ಎಂದು ಕೇಳಿದರು. “ಇಲ್ಲಬೇ ಯವ್ವಾ, ವಿಮಾನದ ಮೈ ಹ್ಯಾಂಗ ಮಾಡ್ತಾರ ಅನ್ನೂದನ್ನ ಕಲ್ಯಾಕ ಹತ್ತೇವಿ” ಎಂದೆವು. ಆ ತಾಯಿ ಒಂದು ಕ್ಷಣ ಸುಮ್ಮನಿದ್ದು, “ಕೊಡಾ ತೂತ ಬಿದ್ರ ನೀರ ಹೋಗ್ತಾವು. ಅದು ಹರದ್ರ ಏನ್ ಹೋಗತೈತಿ, ವಿಚಾರ ಮಾಡೀರೇನ?” ಎಂದರು.

ಈ ಹೊತ್ತಿನ ನಮ್ಮ ಭಾಷಣವು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೆಂದು ತಾವು ಭಾವಿಸಬೇಕು. ವಿಮಾನವನ್ನು ಕಟ್ಟಿದವರೆಂಬ ಅಭಿಮಾನ ನಮಗಿಲ್ಲ, ನಾವು ಕಟ್ಟಿಲ್ಲ. ದೊಡ್ಡ ಕಾರ್ಖಾನೆಯ ಆಸರೆಯಿಲ್ಲದೆ, ತಮ್ಮ ಮನೆಯ ಚಾವಣಿಯ ಕೆಳಗೇ ಸಣ್ಣ ವಿಮಾನವನ್ನು ಕಟ್ಟಿ ಹಾರುವವರು ಲೋಕದಲ್ಲಿ ಅನೇಕರಿದ್ದಾರೆ. ಅವರು ಮಾಡುವ ಕೈಕೆಲಸವೆಂಥದು, ಒಂದು ಚಪ್ಪಟೆ ತಗಡು ವಿಮಾನದ ಒಡಲಾಗುವ ಬಗೆ ಹೇಗೆ, ಎಂಬುದನ್ನು ನಮ್ಮ ಕೈಯಿಂದಲೇ ತಿಳಿಯಬೇಕೆಂದು ಹೊರಟೆವು. ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಮೊದಲು, ವಿಮಾನಕ್ಕೆ ಮೈತಗಡು ಏತಕ್ಕೆ? ಗಾಳಿ ಮಳೆ ಒಳಕ್ಕೆ ಬಾರದಿರಲಿ ಎಂಬುದಕ್ಕೆ ಎಂದು ಬಹುಮಂದಿ ಎಣಿಸುತ್ತಾರೆ. ಆರಂಭದ ವಿಮಾನಗಳ ಮಟ್ಟಿಗೆ ಆ ಎಣಿಕೆ ಬಹುಪಾಲು ಸರಿ. ಮೈಸೂರಿನವರಾದ ಎಸ್. ವಿ. ಸೆಟ್ಟಿಯವರು ೧೯೧೧-೧೨ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಏ. ವಿ. ರೋ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ವಿಮಾನವೆಂದರೆ ಮರದ ಎಲುಬು, ತಂತಿಯ ನರ, ಬಟ್ಟೆಯ ಮೈ. ಭಾರವನ್ನೆಲ್ಲ ಎಲುಬೂ ನರವೂ ಹೊರುತ್ತಿದ್ದವು. ಬಟ್ಟೆ ಗಾಳಿಯನ್ನು ತಡೆದರೆ ಸಾಕಾಗಿದ್ದಿತು.

ತಗಡಿನ ಕಾಲ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ೧೯೦೬ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞರು ಅಲ್ಯೂಮಿನಿಯಮ್ಮಿಗೆ ಸುಮಾರು ನೂರಕ್ಕೆ ನಾಲ್ಕು ಪಾಲು ತಾಮ್ರವನ್ನೂ ಅಲ್ಪ ಮೆಗ್ನೀಸಿಯಮ್ಮನ್ನೂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿದರು. ಅದ್ದಿದ ಕೂಡಲೇ ಅದು ಮೆದುವಾಗಿಯೇ ಇದ್ದಿತು. ಕೆಲವು ದಿನ ಬಿಟ್ಟು ಅಳೆದು ನೋಡಲು, ಯಾರೂ ಮುಟ್ಟದೆಯೇ ಗಡುಸಾಗಿಬಿಟ್ಟಿದ್ದಿತು! ಡ್ಯುರಾಲ್ಯುಮಿನ್ ಎಂದು ಹೆಸರು ಪಡೆದ ಈ ಲೋಹವು ತೂಕದಲ್ಲಿ ಉಕ್ಕಿನ ಮೂರನೆಯ ಒಂದು ಪಾಲು, ಬಲದಲ್ಲಿ ಸಾಧಾರಣ ಉಕ್ಕಿಗೆ ಸರಿಸಮ. ೧೯೧೯ರಲ್ಲಿ ಹಾರಿದ ಯುಂಕರ್ಸ್ ಎಫ್-೧೩ ಎಂಬ ಪ್ರಯಾಣಿಕರ ವಿಮಾನಕ್ಕೆ ಅಲೆಅಲೆಯಾದ ಡ್ಯುರಾಲ್ಯುಮಿನ್ ತಗಡಿನ ಮೈ ಇದ್ದಿತು. ಅನಂತರ ಬಂದವರು ತಗಡನ್ನು ನುಣುಪಾಗಿ ಹೊದಿಸಿ, ಅದಕ್ಕೇ ಭಾರವನ್ನು ಹೊರಿಸಿದರು.

ಇದು ಹೇಗೆ ಸಾಧ್ಯವೆಂಬುದನ್ನು ತಾವು ಮನೆಯಲ್ಲಿಯೇ ನೋಡಬಹುದು. ಒಂದು ಹಾಳೆ ಕಾಗದವನ್ನು ನೆಟ್ಟಗೆ ನಿಲ್ಲಿಸಲು ಹೋದರೆ ಮಲಗಿಬಿಡುತ್ತದೆ. ಅದನ್ನೇ ಸುರುಳಿ ಸುತ್ತಿ ಅಂಚನ್ನು ಅಂಟಿಸಿ ನಿಲ್ಲಿಸಿದರೆ, ಅದರ ಮೇಲೆ ದಪ್ಪನೆಯ ಪುಸ್ತಕವನ್ನು ಇಡಬಹುದು. ಕಾಗದ ಅದೇ, ಬಲ ಬಂದದ್ದು ಆಕಾರದಿಂದ. ಸಣ್ಣ ವಿಮಾನದ ಮೈತಗಡಿನ ದಪ್ಪ ಅನೇಕ ಕಡೆ ಒಂದು ಮಿಲಿಮೀಟರಿಗೂ ಕಡಿಮೆ. ಆರರಿಂದ ಎಂಟು ದಶಾಂಶ ಮಿಲಿಮೀಟರು. ಒಳಗಡೆ ಅಡ್ಡ ಚೌಕಟ್ಟುಗಳೂ ಉದ್ದನೆಯ ಪಟ್ಟಿಗಳೂ ಆ ತೆಳು ತಗಡನ್ನು ಆಕಾರದಲ್ಲಿ ಹಿಡಿದಿಡುತ್ತವೆ. ಬಾಗುವ, ತಿರುಚುವ ಬಲಗಳ ದೊಡ್ಡ ಪಾಲನ್ನು ತಗಡೇ ಹೊರುತ್ತದೆ. ಆದುದರಿಂದ ವಿಮಾನದ ಮೈಯೆಂಬುದು ಅಂಗಿಯಲ್ಲ. ಅದು ಚರ್ಮವೂ ಹೌದು, ಎಲುಬೂ ಹೌದು. ಅಂಗಿ ಹರಿದರೆ ಹೊಲಿದುಕೊಳ್ಳಬಹುದು. ಎಲುಬಿನ ವಿಷಯದಲ್ಲಿ ಆ ಮಾತು ನಡೆಯದು.

ಈ ವಿದ್ಯೆ ಕನ್ನಡ ನಾಡಿಗೆ ಬಂದು ಬಹುಕಾಲವಾಯಿತು. ಸೇಠ್ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಬೆಂಬಲದಿಂದಲೂ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತು. ಮರುವರ್ಷವೇ ಹಾರ್ಲೋ ಎಂಬ ತಗಡಿನ ಮೈಯ ತರಬೇತಿ ವಿಮಾನ ಅಲ್ಲಿಂದ ಮೇಲೆದ್ದಿತು. ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ವಿಮಾನಗಳು ಅಲ್ಲಿ ದುರಸ್ತಿಗೆ ಬರುತ್ತಿದ್ದವು. ಗಾಟಿಂಗೆನ್ನಿನಲ್ಲಿ ಪ್ರಾಂಟ್ಲ್ ಅವರ ಬಳಿ ಓದಿ ಬಂದ ಡಾಕ್ಟರ್ ವಿ. ಎಂ. ಘಾಟಗೆಯವರು ರಚಿಸಿದ ಎಚ್‌ಟಿ-೨ ಎಂಬ ಪೂರಾ ಲೋಹದ ತರಬೇತಿ ವಿಮಾನವು ೧೯೫೧ನೆಯ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿತು. ಅದೇ ಕಾರ್ಖಾನೆ ಸ್ವಾತಂತ್ರ್ಯಾನಂತರ ರೈಲಿನ ಡಬ್ಬಿಗಳನ್ನೂ ಬಸ್ಸಿನ ಮೈಗಳನ್ನೂ ಮಾಡಿದ್ದುಂಟು. ತಗಡನ್ನು ಬಾಗಿಸಬಲ್ಲ ಕೈ ಹಲವು ಕೆಲಸಕ್ಕೆ ಒದಗುತ್ತದೆ.

ಕಾರ್ಖಾನೆಯಲ್ಲಿ ದೊಡ್ಡ ಒತ್ತುಯಂತ್ರಗಳಿರುತ್ತವೆ. ಮನೆಯಲ್ಲಿ ಕಟ್ಟುವವನಿಗೆ ಇರತಕ್ಕದ್ದು ಕೊಡತಿ, ಕತ್ತರಿ, ಬೈರಿಗೆ, ಅರ, ಮರಳು ತುಂಬಿದ ತೊಗಲಿನ ಚೀಲ. ಅವನಿಗೆ ಎದುರಾಗುವ ಮೊದಲನೆಯ ತೊಡಕು ಬಲದ್ದಲ್ಲ, ರೇಖಾಗಣಿತದ್ದು.

ಕಾಗದವನ್ನು ಕೊಳವೆಯಂತೆ ಸುತ್ತಬಹುದು. ಕಡಲೆಕಾಯಿ ಪೊಟ್ಟಣದಂತೆ ಶಂಕುವಾಗಿಯೂ ಸುತ್ತಬಹುದು. ಅದನ್ನು ಚೆಂಡಿನ ಮೇಲೆ ಹೊದಿಸಲು ಹೋದರೆ ಮಾತ್ರ ನೆರಿಗೆ ಬಿದ್ದೇ ಬೀಳುತ್ತದೆ. ಒಂದೇ ದಿಕ್ಕಿನಲ್ಲಿ ಬಾಗುವ ಮೈಗೂ ಎರಡು ದಿಕ್ಕಿನಲ್ಲಿ ಬಾಗುವ ಮೈಗೂ ಇರುವ ಈ ಭೇದವನ್ನು ಗೌಸ್ ಎಂಬ ಗಣಿತಜ್ಞರು ೧೮೨೭ರಲ್ಲಿ ಸಿದ್ಧಾಂತವಾಗಿ ನಿರೂಪಿಸಿದರು. ಹಿಗ್ಗದ, ಕುಗ್ಗದ ಹಾಳೆಯಿಂದ ಗೋಳವಾಗದು. ಗೋಳವಾಗಬೇಕಾದರೆ ತಗಡಿನ ಕೆಲವು ಭಾಗ ಹಿಗ್ಗಬೇಕು, ಕೆಲವು ಭಾಗ ಕುಗ್ಗಬೇಕು.

ಎಷ್ಟು ಎಂಬುದನ್ನು ಲೆಕ್ಕ ಹಾಕೋಣ. ಹತ್ತು ಸೆಂಟಿಮೀಟರು ತ್ರಿಜ್ಯದ ಅರ್ಧಗೋಳದ ಒಂದು ಬೋಗುಣಿ ಬೇಕೆಂದಿಟ್ಟುಕೊಳ್ಳಿ. ತಳದ ನಡುವಿನಿಂದ ಬಾಯಂಚಿನವರೆಗೆ ಮೈಯ ಮೇಲೆ ಅಳೆದರೆ ೧೫.೭ ಸೆಂಟಿಮೀಟರು. ಅಷ್ಟೇ ತ್ರಿಜ್ಯದ ವೃತ್ತವಾಗಿ ತಗಡನ್ನು ಕತ್ತರಿಸಿದರೆ ಅದರ ಸುತ್ತಳತೆ ೯೮.೭ ಸೆಂಟಿಮೀಟರು. ಬೋಗುಣಿಯ ಬಾಯಿಯ ಸುತ್ತಳತೆಯಾದರೋ ೬೨.೮ ಮಾತ್ರ. ಉಳಿದ ೩೬ ಸೆಂಟಿಮೀಟರು ಎಲ್ಲಿ ಹೋಗಬೇಕು? ಅದನ್ನು ಕತ್ತರಿಸಿ ಎಸೆಯದೆ, ಅಂಚಿನ ಲೋಹದೊಳಗೇ ಸೇರಿಸಬೇಕು. ಅದು ಬೇಡವೆಂದು ಹತ್ತು ಸೆಂಟಿಮೀಟರಿನ ವೃತ್ತವನ್ನೇ ತೆಗೆದುಕೊಂಡು ನಡುವನ್ನು ಬಡಿದು ಹಿಗ್ಗಿಸುತ್ತ ಹೋದರೆ, ವಿಸ್ತಾರ ಇಮ್ಮಡಿಯಾಗಿ ದಪ್ಪ ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಎಂಟು ದಶಾಂಶ ಮಿಲಿಮೀಟರಿನ ತಗಡು ನಾಲ್ಕು ದಶಾಂಶವಾಗುತ್ತದೆ. ತಳದಲ್ಲಿ ಇನ್ನೂ ತೆಳುವಾದೀತು. ಹೊರಗಿನಿಂದ ನೋಡುವವನಿಗೆ ಅದು ಅಂದವಾದ ಬೋಗುಣಿಯೇ. ಆದರೆ ಬಲ ಬೇಕಾದ ಕಡೆಯೇ ಬಲ ಸೋರಿಹೋಗಿದೆ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ತತ್ವ ಹೊಸದಲ್ಲ. ಜೋಳದ ರೊಟ್ಟಿ ಬಡಿಯುವಾಗ ಅಂಗೈಯ ಪೆಟ್ಟಿಗೆ ಹಿಟ್ಟು ತೆಳುವಾಗಿ ಹರಡುತ್ತದೆ. ಪೆಟ್ಟು ಒಂದೇ ಕಡೆ ಬೀಳದಂತೆ ರೊಟ್ಟಿಯನ್ನು ತಿರುಗಿಸುತ್ತಲೇ ಇರುತ್ತಾರೆ. ಅಂಚು ಸೀಳತೊಡಗಿದರೆ ಬೆರಳಿನಿಂದ ಒಳಕ್ಕೆ ಒತ್ತಿ ಕೂಡಿಸುತ್ತಾರೆ. ಹಿಗ್ಗಿಸುವುದು, ತಿರುಗಿಸುವುದು, ಅಂಚನ್ನು ಕೂಡಿಸುವುದು ಎಂಬ ಈ ಮೂರರಲ್ಲಿಯೇ ತಗಡಿನ ಕೆಲಸವೂ ಅಡಗಿದೆ.

ನಾವು ಮೊದಲು ಬಡಿದ ತಗಡು ನೆರಿಗೆಗಟ್ಟಿ ಬಾಡಿದ ಎಲೆಯಂತಾಯಿತು. ಪುಸ್ತಕದಿಂದ ದಾರಿ ಕಾಣದೆ ಹುಬ್ಬಳ್ಳಿಯ ಕಂಚಗಾರ ಗಲ್ಲಿಗೆ ಹೋದೆವು. ಅಲ್ಲಿ ಹಂಡೆ ಕೊಡಗಳನ್ನು ಬಡಿದು ಕೈ ನುರಿತ ಒಬ್ಬ ಹಿರಿಯರು ನಮ್ಮ ತಗಡನ್ನು ತಿರುವಿ ನೋಡಿ, ನಗದೆ, ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ನಡುವನ್ನು ಚೀಲದ ಮೇಲಿಟ್ಟು ಹಗುರಾಗಿ ಬಡಿದು ತಗ್ಗಿಸಿದರು. ಅಂಚಿನಲ್ಲಿ ಎದ್ದ ನೆರಿಗೆಯನ್ನು ನೋಡಿ ನಾವು ಗಾಬರಿಗೊಂಡರೆ, ಅವರು ಬೇಕೆಂದೇ ಇನ್ನೂ ಮೂರು ನೆರಿಗೆಗಳನ್ನು ಎಬ್ಬಿಸಿದರು! ಸೀರೆಯ ನಿರಿಗೆಯಂತೆ ಅವುಗಳನ್ನು ಸಮನಾಗಿ ಹಂಚಿ, ಒಂದೊಂದನ್ನೂ ಬಿಚ್ಚಿಕೊಳ್ಳದಂತೆ ಸುತ್ತಲೂ ಸಿಕ್ಕಿಸಿ, ಅಡಿಗಲ್ಲಿನ ಮೇಲೆ ಬಡಿದು ಕೂಡಿಸಿದರು. ನೆರಿಗೆ ಮಾಯವಾಯಿತು; ಅಂಚು ದಪ್ಪನಾಯಿತು; ತಗಡು ತಾನಾಗಿ ಬೋಗುಣಿಯ ಕಡೆಗೆ ಬಾಗಿತು. ನೆರಿಗೆ ತನ್ನ ಮೇಲೆ ತಾನು ಮಡಿಚಿಕೊಂಡರೆ ಮಾತ್ರ ಅಲ್ಲಿ ಸೀಳು ಖಂಡಿತ.

ಮತ್ತೊಂದು ಮಾತನ್ನು ಅವರು ಹೇಳಿದರು: “ತಗಡ ದಣೀತಂದ್ರ ಸಪ್ಪಳ ಬದಲಾಕ್ಕೈತ್ರಿ. ಆಗ ಬಡಿಯೂದ ಬಿಟ್ಟು ಬೆಂಕಿಗೆ ಹಿಡೀಬೇಕ್ರಿ. ಹಠಾ ಹಿಡದ್ರ ಸೀಳತೈತಿ.” ಲೋಹವಿಜ್ಞಾನವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಬಡಿದಂತೆಲ್ಲ ಲೋಹದ ಕಣಗಳೊಳಗೆ ಪದರಗಳ ಜಾರುವಿಕೆ ಒಂದಕ್ಕೊಂದು ತೊಡಕಿಕೊಂಡು, ಮುಂದೆ ಜಾರಲು ಎಡೆಯಿಲ್ಲದಾಗುತ್ತದೆ. ಗಡಸುತನ ಹೆಚ್ಚುತ್ತದೆ, ಹಿಗ್ಗುವ ಗುಣ ಕುಂದುತ್ತದೆ. ಕಾಯಿಸಿದರೆ ತೊಡಕು ಬಿಡಿಸಿಕೊಂಡು ಮೆದುತನ ಮರಳುತ್ತದೆ.

ಇಲ್ಲಿಯವರೆಗೆ ಕಂಚಗಾರನ ಹಾದಿಯೂ ವಿಮಾನ ಕಟ್ಟುವವನ ಹಾದಿಯೂ ಒಂದೇ. ಇನ್ನು ಮುಂದೆ ಅವು ಕವಲೊಡೆಯುತ್ತವೆ, ಎಚ್ಚರವಿರಬೇಕಾದದ್ದು ಇಲ್ಲಿಯೇ. ತಾಮ್ರವನ್ನು ಕಾಯಿಸಿದರೆ ಅದು ಕೆಂಪಗೆ ಬೆಳಗಿ ತನ್ನ ಹದವನ್ನು ಕಣ್ಣಿಗೆ ತೋರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅದು ೬೬೦ ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಕರಗುವವರೆಗೂ ಹಗಲಿನ ಬೆಳಕಿನಲ್ಲಿ ಬಣ್ಣ ಬದಲಿಸುವುದಿಲ್ಲ. ನೋಡನೋಡುತ್ತಿದ್ದಂತೆ ಕುಸಿದು ಬೀಳುತ್ತದೆ. ಅದಕ್ಕಾಗಿ ಕೆಲಸಗಾರರು ತಗಡಿನ ಮೇಲೆ ಸಾಬೂನಿನ ಗೆರೆ ಎಳೆದು, ಅದು ಕಪ್ಪಾದಾಗ ಬೆಂಕಿ ತೆಗೆಯುವ ಉಪಾಯವನ್ನು ಕಂಡುಕೊಂಡಿದ್ದಾರೆ. ಮೆದು ಅಲ್ಯೂಮಿನಿಯಮ್ಮಿಗೆ ಇದು ಸಾಕು. ಡ್ಯುರಾಲ್ಯುಮಿನ್ ಜಾತಿಯ ಗಡಸು ತಗಡಿಗೆ ಸಾಲದು. ಅದರ ಹದವನ್ನು ಮರಳಿ ಕೊಡಬೇಕಾದರೆ ಸುಮಾರು ೪೯೦ ಡಿಗ್ರಿಗೆ ಸರಿಯಾಗಿ ಕಾಯಿಸಿ, ಥಟ್ಟನೆ ನೀರಿನಲ್ಲಿ ಅದ್ದಿ, ಕೆಲವು ದಿನ ಬಿಡಬೇಕು. ಹತ್ತಿಪ್ಪತ್ತು ಡಿಗ್ರಿ ಮೀರಿದರೂ ಕಣಗಳ ಅಂಚು ಒಳಗೊಳಗೇ ಕರಗತೊಡಗುತ್ತದೆ. ಹೊರಗೆ ಏನೂ ಕಾಣದು. ಹಿತ್ತಲಿನ ಒಲೆಯಲ್ಲಿ ಇಂಥ ನಿಖರತೆ ಸಾಧ್ಯವಿಲ್ಲ. ಆದುದರಿಂದ ಭಾರ ಹೊರುವ ಮೈತಗಡಿಗೆ ಮನೆಯಲ್ಲಿ ಬೆಂಕಿ ತೋರಿಸತಕ್ಕದ್ದಲ್ಲ.

ಹಾಗಾದರೆ ಮನೆಯಲ್ಲಿ ಕಟ್ಟುವವನು ಏನು ಮಾಡಬೇಕು? ಜಾಣರಾದ ರಚನಕಾರರು ಬೋಗುಣಿಯ ಆಕಾರವನ್ನೇ ಸಾಧ್ಯವಾದಷ್ಟು ಬಿಟ್ಟುಬಿಟ್ಟರು. ಅಮೆರಿಕದ ಜಾನ್ ಥಾರ್ಪ್ ಎಂಬವರು ರಚಿಸಿ ೧೯೬೪ರಲ್ಲಿ ಮೊದಲು ಹಾರಿದ ಟಿ-೧೮ ಎಂಬ ಎರಡಾಸನದ ಸಣ್ಣ ವಿಮಾನದಲ್ಲಿ ಒಡಲಿನ ತಗಡುಗಳು ಕಾಗದದ ಸುರುಳಿಯಂತೆ ಚೌಕಟ್ಟಿಗೆ ಸುತ್ತಿಕೊಳ್ಳುತ್ತವೆ. ಬಡಿದು ಹಿಗ್ಗಿಸುವ ಮಾತು ಅಲ್ಲಿಲ್ಲ. ಆ ಮಾದರಿಯ ಒಂದು ವಿಮಾನವನ್ನು ತಾವೇ ಕಟ್ಟಿದ ಡಾನ್ ಟೇಲರ್ ಎಂಬವರು ೧೯೭೬ರಲ್ಲಿ ಅದರಲ್ಲಿ ಭೂಪ್ರದಕ್ಷಿಣೆ ಮಾಡಿದರು. ಎಂಜಿನಿನ ಮುಸುಕು, ರೆಕ್ಕೆ ಒಡಲನ್ನು ಕೂಡುವ ಮೂಲೆ ಮುಂತಾದ, ಭಾರ ಹೊರದ ಎಡೆಗಳಲ್ಲಿ ಮಾತ್ರ ಮೆದು ತಗಡನ್ನು ಬಡಿದು ಅಥವಾ ಗಾಜಿನ ನಾರಿನ ಅಚ್ಚು ಹಾಕಿ ಇಮ್ಮಡಿ ಬಾಗನ್ನು ಪಡೆಯುತ್ತಾರೆ. ತನ್ನ ಕೈಗೆ ಎಟುಕದ್ದನ್ನು ಅರಿತು ಅದಕ್ಕೆ ತಕ್ಕಂತೆ ಆಕಾರವನ್ನು ಆರಿಸಿಕೊಳ್ಳುವುದೂ ಕೌಶಲದ ಒಂದು ಭಾಗವೇ.

ಸುರುಳಿ ಸುತ್ತುವುದು ಸುಲಭವೆಂದು ಮಾತ್ರ ತಿಳಿಯಬೇಡಿ. ತಗಡಿನ ನಡುಭಾಗ ಅಂಚಿಗಿಂತ ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿ ಉಳಿದರೂ, ಸೀಮೆಎಣ್ಣೆಯ ಡಬ್ಬಿಯ ತಳವನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಒಳಹೋಗಿ ಟಕ್ಕೆಂದು ಹೊರಬರುವಂತೆ, ಅದು ಹಾರಾಟದಲ್ಲಿ ಒಳಹೊರಗೆ ಮಿಡಿಯುತ್ತದೆ. ಸಾವಿರಾರು ಬಾರಿ ಮಿಡಿದ ತಗಡು ರಿವೆಟ್ಟಿನ ರಂಧ್ರದ ಬಳಿ ಬಿರುಕು ಬಿಡುತ್ತದೆ. ರಿವೆಟ್ಟು ಹೊಡೆಯುವುದಕ್ಕೂ ಕಟ್ಟುಪಾಡುಗಳುಂಟು. ರಂಧ್ರದ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಅಂತರವಿರಬೇಕು. ಹೊಡೆದ ಮೇಲೆ ಅದರ ಬಾಲದ ತಲೆ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರವಾಗಿರಬೇಕು. ರಂಧ್ರದ ಅಂಚಿನ ಮುಳ್ಳನ್ನು ಒಂದೊಂದಾಗಿ ತೆಗೆಯಬೇಕು. ಗೆರೆ ಎಳೆಯಲು ಉಕ್ಕಿನ ಮೊನೆಯನ್ನು ಬಳಸಕೂಡದು, ಏಕೆಂದರೆ ಗೀರೇ ಬಿರುಕಿನ ಬೀಜ. ಸೀಸದ ಕಡ್ಡಿಯನ್ನೂ ಬಳಸಕೂಡದು. ಅದರೊಳಗಿನ ಗ್ರಾಫೈಟು ತೇವ ತಗಲಿದಾಗ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಇಷ್ಟೊಂದು ನಿಯಮ ಏತಕ್ಕೆಂದು ಕೇಳುವವರಿಗೆ ಒಂದೇ ನಿದರ್ಶನ ಸಾಕು. ೧೯೮೫ನೆಯ ಆಗಸ್ಟ್ ೧೨ರಂದು ಜಪಾನಿನಲ್ಲಿ ೫೨೪ ಮಂದಿಯಿದ್ದ ಒಂದು ಬೋಯಿಂಗ್ ವಿಮಾನ ಬೆಟ್ಟಕ್ಕೆ ಬಡಿದು ೫೨೦ ಮಂದಿ ಮಡಿದರು. ಆ ವಿಮಾನದ ಹಿಂಭಾಗದಲ್ಲಿ, ಒಳಗಿನ ಗಾಳಿಯ ಒತ್ತಡವನ್ನು ತಡೆಯಲು, ತಗಡಿನ ಒಂದು ದೊಡ್ಡ ಬೋಗುಣಿಯಾಕಾರದ ಗೋಡೆಯಿದ್ದಿತು. ೧೯೭೮ರಲ್ಲಿ ಇಳಿಯುವಾಗ ಬಾಲ ನೆಲಕ್ಕೆ ತಗುಲಿ ಅದಕ್ಕೆ ಪೆಟ್ಟಾಗಿ, ದುರಸ್ತಿ ನಡೆದಿದ್ದಿತು. ಎರಡು ಭಾಗಗಳನ್ನು ಕೂಡಿಸುವಲ್ಲಿ ಎರಡು ಸಾಲು ರಿವೆಟ್ಟುಗಳು ಭಾರ ಹೊರಬೇಕಾಗಿದ್ದಿತು. ಕೂಡುಪಟ್ಟಿಯನ್ನು ಎರಡಾಗಿ ಕತ್ತರಿಸಿ ಹಾಕಿದ್ದರಿಂದ ಒಂದೇ ಸಾಲು ಹೊತ್ತಿತು. ಹೊರನೋಟಕ್ಕೆ ದೋಷ ಕಾಣುವಂತಿರಲಿಲ್ಲ. ವಿಮಾನ ಏಳು ವರ್ಷ ಸುಖವಾಗಿ ಹಾರಿತು. ಬಿರುಕು ಮಾತ್ರ ಒಳಗೊಳಗೇ ನಡೆಯುತ್ತಿದ್ದಿತು. ತಗಡು ಮಾಡಿದ ಕೆಲಸವನ್ನು ಮರೆಯುವುದಿಲ್ಲ. ಅದರ ಮೈಮೇಲೆ ಬಿದ್ದ ಪ್ರತಿಯೊಂದು ಪೆಟ್ಟೂ, ಗೀರೂ, ತಪ್ಪಿದ ಸಾಲೂ ಅದರ ಲೆಕ್ಕದಲ್ಲಿ ಇದ್ದೇ ಇರುತ್ತದೆ.

ಇದನ್ನು ಕೇಳಿ, ಇಂಥ ಅಪಾಯದ ಕೆಲಸ ಮನೆಯವರಿಗೆ ಬೇಡವೆಂದು ತಾವು ಹೇಳಬಹುದು. ನಮ್ಮ ಅಭಿಪ್ರಾಯ ಬೇರೆ. ಮುಂಬಯಿಯ ಕಾಂದಿವಲಿಯಲ್ಲಿ ಅಮೋಲ್ ಯಾದವ್ ಎಂಬ ವಿಮಾನ ಚಾಲಕರು ತಮ್ಮ ಮನೆಯ ಮಾಳಿಗೆಯ ಮೇಲೆಯೇ ಆರು ಆಸನದ ವಿಮಾನವನ್ನು ಕಟ್ಟಿ, ೨೦೧೬ರಲ್ಲಿ ಜನರ ಮುಂದಿಟ್ಟರು. ಬಹಳ ಓಡಾಟದ ಮೇಲೆ ೨೦೧೭ರಲ್ಲಿ ಅದಕ್ಕೆ ಸರ್ಕಾರದ ನೋಂದಣಿಯೂ ದೊರೆಯಿತು. ಮನೆಯಲ್ಲಿ ಕಟ್ಟುವವನಿಗೆ ಯಂತ್ರದ ಕೊರತೆಯಿರಬಹುದು. ಆದರೆ ತನ್ನ ಪ್ರತಿಯೊಂದು ತಗಡಿನ ಚರಿತ್ರೆಯೂ ಅವನಿಗೆ ತಿಳಿದಿರುತ್ತದೆ. ಎಲ್ಲಿ ಬಡಿದೆ, ಎಲ್ಲಿ ಗೀರಿದೆ, ಎಲ್ಲಿ ರಂಧ್ರ ಅಂಚಿಗೆ ಹತ್ತಿರವಾಯಿತು ಎಂಬುದನ್ನು ಅವನಿಂದ ಯಾರೂ ಬಚ್ಚಿಡಲಾರರು. ಅದರಲ್ಲಿ ಕೂಡತಕ್ಕವನೂ ಅವನೇ. ತಿಳಿದೂ ಮುಚ್ಚಿಟ್ಟರೆ ಅದೇ ದೊಡ್ಡ ಅಪಾಯ. ಬಣ್ಣ ಬಳಿದ ಮೇಲೆ ಕೆಟ್ಟ ರಿವೆಟ್ಟೂ ಒಳ್ಳೆಯ ರಿವೆಟ್ಟೂ ಒಂದೇ ಸಮನಾಗಿ ಕಾಣುತ್ತವೆ.

ನಮಗೆ ಇದು ಅನುಭವಕ್ಕೆ ಬಂದುದನ್ನು ಹೇಳಿ ಮುಗಿಸುತ್ತೇವೆ. ರೆಕ್ಕೆಯ ಬುಡದ ಮೂಲೆಗೆ ಹೊಂದುವ ಒಂದು ತುಣುಕನ್ನು ನಾಲ್ಕು ರವಿವಾರ ಬಡಿದು ಮಾಡಿದೆವು. ಕೈ ಆಡಿಸಿದರೆ ಮಡಕೆಯ ಮೈಯಂತೆ ನುಣುಪು. ಕೊನೆಯ ಸಂಜೆ ಅದನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ, ನಾವೇ ಮೊದಲ ದಿನ ಉಕ್ಕಿನ ಮೊನೆಯಿಂದ ಎಳೆದಿದ್ದ ಗೀರಿನ ತುದಿಯಲ್ಲಿ, ಉಗುರಿನ ಅಂಚಿನಷ್ಟು ಒಂದು ಬಿರುಕು ಕಂಡಿತು. ಅದನ್ನು ಅರದಿಂದ ಉಜ್ಜಿ ಮರೆಮಾಡಬಹುದಾಗಿದ್ದಿತು. ಅದು ಯಾವ ವಿಮಾನಕ್ಕೂ ಏರತಕ್ಕದ್ದಾಗಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆದರೂ ನಮ್ಮೊಳಗೆ ಬಹಳ ಹೊತ್ತು ಚರ್ಚೆಯಾಯಿತು. ನಾಲ್ಕು ವಾರದ ದುಡಿಮೆಯನ್ನು ಬಿಸುಡಲು ಮನಸ್ಸು ಒಡಂಬಡಲಿಲ್ಲ. ಕಡೆಗೆ ಕತ್ತರಿಯಿಂದ ಅದನ್ನು ನಡುವೆ ಸೀಳಿ, ಮತ್ತೆಂದೂ ಒಳ್ಳೆಯದೆಂದು ಯಾರೂ ಎತ್ತಿಕೊಳ್ಳದಂತೆ ಮಾಡಿ, ಎರಡು ಹೋಳುಗಳನ್ನೂ ಹಿತ್ತಲಿನ ಗೋಡೆಗೆ ತೂಗುಹಾಕಿದೆವು. ಮರುವಾರ ಹೊಸ ತಗಡನ್ನು ಹಾಸಿದಾಗ ಯಾರ ಕೈಯೂ ಉಕ್ಕಿನ ಮೊನೆಯ ಕಡೆಗೆ ಹೋಗಲಿಲ್ಲ.

ನೆರೆಮನೆಯ ತಾಯಿ ಆ ಹೋಳುಗಳನ್ನು ನೋಡಿ, “ಹರದದ್ದನ್ನ ಯಾಕ ನೇತು ಹಾಕೀರಿ?” ಎಂದು ಕೇಳಿದರು. “ನೀವು ಅವತ್ತು ಕೇಳಿದ್ರೆಲ್ಲಾಬೇ, ಅದನ್ನ ಮರೀಬಾರದಂತ” ಎಂದೆವು. ಆಕೆ ಏನೂ ಹೇಳದೆ ತಲೆದೂಗಿ, ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ನೀರಿಗೆ ಹೋದರು.